ಚೀಟಿ ಸಿಸ್ಟರೂ ಕೆಂಪು ಬಟ್ಟೆಯೂ

ಹೊಲಿಗೆಯಕ್ಕ ಚೀಟಿ ಸಿಸ್ಟರ ಸುದ್ದಿ ಮೊದಲು ಕೇಳಿದ್ದು ಮೇಲಿನ ಮನೆಯ ಬಾಲ್ಕನಿಯಿಂದ. ದೊಡ್ಡ ಜ್ವರದ ವರ್ಷ, ಮಟಮಟ ಮಧ್ಯಾಹ್ನ. ಮೇಲಿನ ಮನೆಯಾಕೆ ಅರ್ಧ ಮೈ ಹೊರಗೆ ಹಾಕಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಚೀಟಿಯವಳು ಬರ್ತಿದಾಳೆ ಕಣ್ರೇ! ಯಾರೂ ಕೆಮ್ಮಬೇಡಿ!"

ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. ಹೊಲಿಗೆಯಕ್ಕನೂ ಹೊಲಿಗೆ ಮಿಷಿನ್ನಿನ ಪೆಡಲ್ಲಿನಿಂದ ಕಾಲು ತೆಗೆದಳು. ಒಳಗೆ ಮಂಚದ ಮೇಲೆ ಗಂಡ ದಿಂಬನ್ನು ಬಾಯಿಗೆ ಒತ್ತಿಕೊಂಡು ಬಿದ್ದಿದ್ದ. ಮೂರು ದಿನದಿಂದ ಜ್ವರ. ಬಸ್ಸಿನ ಕಂಡಕ್ಟರ್ ಆಗಿದ್ದವನು, ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರಿನ ಕಿವಿಗೆ ಬೀಳುವ ಗಂಟಲು. ಆ ಗಂಟಲು ದಿಂಬಿನಲ್ಲಿ ಅಡಗುವಂಥದ್ದಾಗಿರಲಿಲ್ಲ. ಹೊರಗೆ ಕಿರ್ ಕಿರ್ ಎನ್ನುತ್ತ ಬಂದ ಶೂ ಅವರ ಬಾಗಿಲಿಗೇ ನಿಂತಿತು.

"ಅಮ್ಮಾ, ಬಾಗಿಲು ತೆಗೀರಿ."

"ಇಲ್ಲಿ ಯಾರಿಗೂ ಏನೂ ಆಗಿಲ್ಲ. ಮುಂದಕ್ಕೆ ಹೋಗಿ."

"ನಂಗೆ ಕೇಳಿಸ್ತಮ್ಮ."

ಅಷ್ಟೇ ಮಾತು. ಆಮೇಲೆ ಬ್ರಷ್ಷು ಗೋಂದಿನ ಡಬ್ಬಿಗೆ ಅದ್ದಿದ ಸದ್ದು, ಮರದ ಮೇಲೆ ಸವರಿದ ಸದ್ದು. ಇದು ಜ್ವರದ ಮನೆ ಎಂದು ಸಾರುವ, ಎರಡು ಅಂಗೈ ಜೋಡಿಸಿದಷ್ಟಗಲದ ಕೆಂಪು ಚೀಟಿ ಬಾಗಿಲಿಗೆ ಬಿತ್ತು. ಅವತ್ತಿನಿಂದ ಹಾಲಿನವನು ಪ್ಯಾಕೆಟ್ಟನ್ನು ಬೀದಿ ಕೊನೆಯ ಕಂಬದ ಹತ್ತಿರ ಇಟ್ಟು ಓಡುತ್ತಿದ್ದ. ಕೊಳಾಯಿಯಲ್ಲಿ ಇವಳ ಕೊಡ ಕಂಡರೆ ಸಾಲು ಚದುರುತ್ತಿತ್ತು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ವಾಪಸ್ ಕೇಳಲೂ ಯಾರೂ ಬರಲಿಲ್ಲ. ಒಂಬತ್ತನೇ ದಿನ ಕಂಡಕ್ಟರ್ ಹೋದ. ಎತ್ತಲು ಬೀದಿಯಿಂದ ಒಂದು ಕೈಯೂ ಬರಲಿಲ್ಲ. ಪ್ಲಾಸ್ಟಿಕ್ ಅಂಗಿ ತೊಟ್ಟ ಇಬ್ಬರು ವ್ಯಾನಿನಿಂದ ಇಳಿದು, ಸುತ್ತಿ, ತಗೊಂಡು ಹೋದರು. ಮೇಲಿನ ಬಾಲ್ಕನಿಯಾಕೆ ತರಕಾರಿ ಎಳೆದುಕೊಳ್ಳುವ ಬುಟ್ಟಿಯ ಹಗ್ಗವನ್ನು ಸಹ ಸರಸರ ಮೇಲಕ್ಕೆ ಸೇದಿಕೊಂಡದ್ದು ಹೊಲಿಗೆಯಕ್ಕನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹದಿನಾರನೇ ದಿನ ಅವಳು ಚೀಟಿ ಕೀಳಲು ಕೂತಳು. ಉಗುರಿಗೆ ಬಗ್ಗಲಿಲ್ಲ, ಚಾಕುವಿಗೆ ಬಗ್ಗಲಿಲ್ಲ. ಕೊನೆಗೆ ಬಟ್ಟೆ ಕತ್ತರಿಯನ್ನೇ ತಗೊಂಡು ಕೆರೆದಳು. ಹೊಲಿಗೆ ಗೊತ್ತಿದ್ದವರು ಬಟ್ಟೆಯ ಕತ್ತರಿಯಲ್ಲಿ ಒಂದು ಚೂರು ಕಾಗದ ಕತ್ತರಿಸಲು ಮಕ್ಕಳಿಗೂ ಬಿಡುವುದಿಲ್ಲ. ಅಂಥ ಕತ್ತರಿಯ ಬಾಯಿ ಅವತ್ತು ಮೊಂಡಾಯಿತು. ಎರಡು ಸಲ ಬಣ್ಣ ಹೊಡೆಸಿದರೂ ಚೀಟಿಯ ಗುರುತು ಬಾಗಿಲಲ್ಲಿ ಚೌಕಾಕಾರವಾಗಿ ಉಳಿಯಿತು.

ಬೀದಿ ಮತ್ತೆ ಬೀದಿಯಾಗಲು ಒಂದು ವರ್ಷ ಹಿಡಿಯಿತು. ಮಿಷಿನ್ನು ಮತ್ತೆ ತಿರುಗಿತು. ಒಂದು ಬೆಳಿಗ್ಗೆ ಕಿರ್ ಕಿರ್ ಶೂ ಮತ್ತದೇ ಬಾಗಿಲಿಗೆ ಬಂತು. ತೆಳ್ಳಗೆ, ಎತ್ತರಕ್ಕೆ, ಕಂಕುಳಲ್ಲಿ ಕಪ್ಪು ಕೊಡೆ. ಕೈಯಲ್ಲಿ ಮಡಿಸಿದ ಯೂನಿಫಾರ್ಮು. ಮುಖ ಹೊಲಿಗೆಯಕ್ಕ ನೋಡಿರಲೇ ಇಲ್ಲ. ಶೂವಿನ ಸದ್ದಿನಿಂದ ಗುರುತು ಸಿಕ್ಕಿತು.

"ಸಡಿಲ ಆಗಿದೆ, ಇದನ್ನ ಒಂಚೂರು ಹಿಡೀಬೇಕಿತ್ತು."

"ನೀವೇ ಅಲ್ವಾ, ನಮ್ಮ ಬಾಗಿಲಿಗೆ ಅಂಟಿಸಿದ್ದು?"

"ನಾನೇ." ಬಂದವಳು ಬಾಗಿಲನ್ನೊಮ್ಮೆ ನೋಡಿದಳು. "ನಾಲ್ಕು ಮೂಲೆಗೂ ಗೋಂದು ಹಚ್ಚಿದ್ದೆ. ಒಂದು ಮೂಲೆ ಬಿಡೋಣ ಅನ್ನಿಸಿತ್ತು, ಕೀಳಕ್ಕೆ ಸಲೀಸಾಗಲಿ ಅಂತ. ಬಿಡಲಿಲ್ಲ."

ಹೀಗೂ ಯಾರಾದರೂ ಹೇಳುತ್ತಾರೆಯೇ! ಆದರೂ ಹೊಲಿಗೆಯಕ್ಕನ ಕೈ ತನ್ನ ಪಾಡಿಗೆ ತಾನು ಟೇಪು ತೆಗೆಯಿತು. ಸೊಂಟ ಸುತ್ತಿದರೆ ಹಳೇ ಹೊಲಿಗೆಗಿಂತ ಆರು ಇಂಚು ಕಮ್ಮಿ. ಬಾಯಿ ಏನು ಬೇಕಾದರೂ ಹೇಳಬಹುದು, ಟೇಪಿಗೆ ಸುಳ್ಳು ಬರುವುದಿಲ್ಲ. ಈ ಹೆಂಗಸು ವರ್ಷವಿಡೀ ಉಂಡಿಲ್ಲ ಎಂದು ಟೇಪು ಹೇಳಿತು.

ಉಳಿದದ್ದನ್ನು ಅವಳೇ ಒಂದೊಂದು ಸಲಕ್ಕೆ ಒಂದೊಂದು ತುಣುಕಾಗಿ ಹೇಳಿದಳು, ಯೂನಿಫಾರ್ಮಿನ ಗುಂಡಿ ಬಿದ್ದಾಗೆಲ್ಲ ಬಂದು. ಅವಳ ತಾಯಿ ಆರೋಗ್ಯ ಕೇಂದ್ರದಲ್ಲಿ ಕಸ ಗುಡಿಸುತ್ತಿದ್ದವರು. ತಾಯಿ ಸತ್ತಾಗ ಹತ್ತೊಂಬತ್ತರ ಮಗಳಿಗೆ ಅದೇ ಪೊರಕೆ ಕೈಗೆ ಬಂತು. ಪೊರಕೆಯಿಂದ ಇಂಜೆಕ್ಷನ್ ಸೂಜಿಗೆ, ಸೂಜಿಯಿಂದ ಮನೆಮನೆ ತಿರುಗುವ ರಿಜಿಸ್ಟರಿಗೆ ಬರಲು ಇಪ್ಪತ್ತು ವರ್ಷ. ಮದುವೆ ಆಗಲಿಲ್ಲ. ಅಣ್ಣನ ಮನೆಯಲ್ಲಿದ್ದಳು. ಜ್ವರದ ವರ್ಷ ಅತ್ತಿಗೆ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದರು. "ಅತ್ತಿಗೇದು ತಪ್ಪಲ್ಲ, ಮನೇಲಿ ಕೂಸಿತ್ತು," ಎಂದಳು. ಜ್ವರ ಮುಗಿದ ಮೇಲೆ ಅತ್ತಿಗೆ ಒಳಗೆ ಬಾ ಎಂದರೂ ಅವಳಿಗೆ ಮೆಟ್ಟಿಲು ದಾಟಲು ಕಾಲು ಬರಲಿಲ್ಲವಂತೆ. ಆರೋಗ್ಯ ಕೇಂದ್ರದ ಹಿಂದೆ ಒಂದು ರೂಮು ಹಿಡಿದು ಇದ್ದುಬಿಟ್ಟಳು. ಬೀದಿಯವರಿಗೆ ಆಗಲೂ ಅವಳು ಚೀಟಿ ಸಿಸ್ಟರೇ. ಅವಳು ಬಂದರೆ ಹುಷಾರಿಲ್ಲದವರನ್ನು ಒಳಕೋಣೆಗೆ ತಳ್ಳಿ, "ಎಲ್ಲಾ ಗಟ್ಟಿಯಾಗಿದೀವಿ" ಎಂದು ಹಲ್ಲು ಕಿರಿಯುತ್ತಿದ್ದರು.

ಹೊಲಿಗೆಯಕ್ಕ ಅವಳನ್ನು ಕ್ಷಮಿಸಿದಳು ಎಂದೇನೂ ಅಲ್ಲ. ಗುಂಡಿ ಹಾಕಿಕೊಡುತ್ತಿದ್ದಳು, ಅಷ್ಟೇ. ಕುರ್ಚಿ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮೂರು ವರ್ಷ ಕಳೆಯಿತು. ಮೇಲಿನಿಂದ ಒಂದು ಆರ್ಡರ್ ಬಂತು: ಪ್ರವಾಹವೋ ಜ್ವರವೋ ಮತ್ತೆ ಬಂದರೆ ಏನು ಮಾಡಬೇಕು ಎಂದು ಈಗಲೇ ಯೋಜನೆ ಬರೆಯಬೇಕು, ಬರೆಯುವಾಗ ಸಾರ್ವಜನಿಕರನ್ನೂ ಕೂರಿಸಿಕೊಳ್ಳಬೇಕು. ಪ್ರತಿ ವಾರ್ಡಿನಿಂದ ಇಬ್ಬರು. ಆ ಇಬ್ಬರನ್ನು ಹಿಡಿದು ತರುವ ಕೆಲಸ ಸಿಸ್ಟರ ತಲೆಗೆ ಬಿತ್ತು. ಬೀದಿಯೆಲ್ಲ ಸುತ್ತಿದರು. "ನೀವು ಕರೆದ್ರೆ ನಾವು ಬರ್ತೀವಾ? ಈ ಸಲ ಹಣೆಗೇ ಅಂಟಿಸ್ತೀರೇನು?" ಎಂದು ಕೇಳಿ ಕಳಿಸಿದವರೇ ಎಲ್ಲ. ಬೇಕರಿಯವನೊಬ್ಬ ಒಪ್ಪಿದ, ಅವನಿಗೆ ಫೋಟೋದಲ್ಲಿ ನಿಲ್ಲುವ ಚಪಲ. ಇನ್ನೊಂದು ತಲೆಗಾಗಿ ಸಿಸ್ಟರು ಹೊಲಿಗೆಯಕ್ಕನ ಬಾಗಿಲಿಗೆ ಬಂದರು.

"ನಾನು ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ನನ್ನ ಕರ್ಕೊಂಡು ಹೋಗಿ ಏನು ಮಾಡ್ತೀರಿ?"

ಸಿಸ್ಟರ ಕಣ್ಣು ಮಿಷಿನ್ನಿನ ಮೇಲೆ ಬಿಚ್ಚಿದ್ದ ಅಳತೆ ಪುಸ್ತಕದ ಮೇಲಿತ್ತು. ಅಕ್ಷರ ಕಮ್ಮಿ, ಚಿತ್ರ ಜಾಸ್ತಿ.

"ಇದೇನಿದು, ಸೊನ್ನೆಗೆ ಬಾಲ?"

"ಸೊಂಟ ಬಗ್ಗಲ್ಲ ಅಂತ. ಅವರಿಗೆ ಮುಂದೆ ಬಿಚ್ಚೋ ಹಾಗೆ ಹೊಲೀಬೇಕು."

"ಈ ಅರ್ಧ ಕತ್ತರಿ?"

"ಒಂದೇ ಕಾಲು. ಇನ್ನೊಂದು ಕಡೆ ಪ್ಯಾಂಟು ಮಡಿಚಿ ಹೊಲಿಯೋದು."

"ಗುಂಡಿ ಮೇಲೆ ಗೀಟು?"

"ಬೆರಳು ಆಡಲ್ಲ. ಗುಂಡಿ ಬದಲು ಅಂಟೋ ಪಟ್ಟಿ. ನಮ್ಮ ಗಡಿಯಾರದಣ್ಣಂಗೆ ಪಾರ್ಶ್ವ ಬಡೀತಲ್ಲ, ಅವರದ್ದು."

ಸಿಸ್ಟರು ಹೊಸಿಲ ಮೇಲೆ ಕೂತುಬಿಟ್ಟರು. ಅವರು ಆ ಮನೆಯಲ್ಲಿ ಕೂತದ್ದು ಅದೇ ಮೊದಲು. ಪುಟ ತಿರುವುತ್ತ ಬೆರಳು ಮಡಿಚಿ ಎಣಿಸಿದರು.

"ನನ್ನ ರಿಜಿಸ್ಟರಲ್ಲಿ ನಡೆಯಕ್ಕಾಗದವರು ಹನ್ನೊಂದು ಜನ. ನಿಮ್ಮ ಪುಸ್ತಕದಲ್ಲಿ ನಲವತ್ತು ದಾಟ್ತಾರೆ. ನಂಗೆ ಬಾಗಿಲು ಹಾಕ್ಕೊಂಡೋರೆಲ್ಲ ನಿಮಗೆ ಮೈ ತೋರಿಸಿದಾರೆ." ತಲೆ ಎತ್ತಿದರು. "ಇದನ್ನ ಓದಕ್ಕೆ ನಿಮ್ಮೊಬ್ಬರಿಗೇ ಬರೋದು. ಬನ್ನಿ ಅಕ್ಕ. ಅವರೇನೋ ನಡೆಯಕ್ಕಾಗದವರ ಮನೆಗೆ ಕೆಂಪು ಬಟ್ಟೆ ಕಟ್ಟಿಸಬೇಕು ಅಂತಿದಾರೆ, ದೋಣಿಯವರಿಗೆ ಗುರುತಾಗಲಿ ಅಂತ. ನಮ್ಮ ಬೀದೀಲಿ ಯಾರಾದ್ರೂ ಬಾಗಿಲಿಗೆ ಕೆಂಪು ಕಟ್ಟಿಸ್ಕೋತಾರಾ? ನೀವು ಬಂದು ಅದನ್ನ ಹೇಳಿ."

ಹೊಲಿಗೆಯಕ್ಕ ಹೋದಳು. ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಹೋದಳು.

ಸರ್ಕಾರಿ ಆಫೀಸಿನ ಎರಡನೇ ಮಹಡಿ, ಉದ್ದನೆಯ ಮೇಜು, ಕೂತರೆ ತಿರುಗುವ ಕುರ್ಚಿ. ಗೋಡೆಯ ಮೇಲೆ ಊರಿನ ನಕ್ಷೆ. ಅವರ ಬೀದಿ ಅದರಲ್ಲಿ ಕೂದಲೆಳೆಯಷ್ಟು. ಯೋಜನೆ ಸಾಹೇಬರು ಒಳ್ಳೆಯವರೇ, ಗಟ್ಟಿಯಾಗಿ ಮಾತಾಡುವವರೂ ಅಲ್ಲ. ಒಂದು ಗಂಟೆ ಓದಿದರು. ಬೇಕರಿಯವನು ಪ್ರತಿ ಪುಟಕ್ಕೂ ಒಂದು ಬಿಸ್ಕತ್ತು ಮುಗಿಸುತ್ತ, "ಭಾರಿ ಚೆನ್ನಾಗಿದೆ ಸಾರ್, ಆದ್ರೆ ಬಿಸ್ಕತ್ತು ನಮ್ಮ ಬೇಕರೀದಲ್ಲ" ಎಂದು ಎಲ್ಲರನ್ನೂ ನಗಿಸಿದ.

ಕೆಂಪು ಬಟ್ಟೆಯ ಪುಟ ಬಂದಾಗ ಸಿಸ್ಟರು ಎದ್ದು ನಿಂತರು. "ಕೆಂಪು ಬೇಡ ಸಾರ್. ಜನ ಕಟ್ಟಲ್ಲ."

"ದೂರಕ್ಕೆ ಕಾಣೋದು ಕೆಂಪೇ ಸಿಸ್ಟರ್. ನೀವು ಇಲಾಖೆಯವರು, ಕೂತ್ಕೊಳ್ಳಿ. ಸಾರ್ವಜನಿಕರು ಹೇಳಲಿ." ಸಾಹೇಬರು ಇತ್ತ ತಿರುಗಿದರು. "ಏನಮ್ಮಾ, ನಿಮ್ಮ ಅಭಿಪ್ರಾಯ?"

ಎಲ್ಲರ ಮುಖ ಅವಳ ಕಡೆಗೆ. ಹೊಲಿಗೆಯಕ್ಕನ ಕೈ ಚೀಲದೊಳಗೆ ಪುಸ್ತಕದ ಮೂಲೆ ಹಿಡಿದಿತ್ತು. ಬಾಲದ ಸೊನ್ನೆ, ಅರ್ಧ ಕತ್ತರಿ, ಇದನ್ನೆಲ್ಲ ಈ ತಿರುಗುವ ಕುರ್ಚಿಯವರ ಮುಂದೆ ಹೇಗೆ ಬಿಚ್ಚುವುದು? ನಕ್ಕರೆ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೆ ಬರೀ ನಾಚಿಕೆ ಎಂದರೆ ಸುಳ್ಳಾದೀತು. ಇನ್ನೂ ಕೂರದೆ ಎದುರಿಗೆ ನಿಂತಿದ್ದ ಸಿಸ್ಟರ ಮುಖದಲ್ಲಿ ಒಂದು ಬೇಡಿಕೆ ಇತ್ತು. ಬಾಗಿಲು ತಟ್ಟಿ ನಿಂತವರ ಮುಖ. ಒಳಗಿನಿಂದ ಏನೋ ಎದ್ದು ಬಂತು: ಇವಳಿಗೂ ಒಂದು ಸಲ ಗೊತ್ತಾಗಲಿ, ಬಾಗಿಲು ತೆಗೆಯದಿದ್ದರೆ ಹೇಗಿರುತ್ತದೆ ಅಂತ.

"ಏನಿಲ್ಲ ಸಾರ್," ಎಂದಳು.

"ಸಾರ್ವಜನಿಕರ ಒಪ್ಪಿಗೆ ಇದೆ," ಎಂದು ಗುಮಾಸ್ತ ಬರೆದುಕೊಂಡ. ಅವಳು ಹೊಲಿಯುವವಳು ಎಂದು ಯಾರೋ ಹೇಳಿದ್ದಕ್ಕೆ ಸಾಹೇಬರಿಗೆ ಖುಷಿಯಾಯಿತು. ಆ ಬಟ್ಟೆಗಳನ್ನು ಅವಳೇ ಹೊಲಿದುಕೊಡಲಿ ಎಂದರು.

ಮೆಟ್ಟಿಲು ಇಳಿಯುವಾಗ ಸಿಸ್ಟರು ಬೈಯಲಿಲ್ಲ. "ಟೀ ಚೆನ್ನಾಗಿತ್ತು, ಅಲ್ವಾ?" ಎಂದರು. ಆ ಮಾತು ಹೊಲಿಗೆಯಕ್ಕನಿಗೆ ಮುರಿದ ಸೂಜಿಯ ತುದಿಯ ಹಾಗೆ ಎಲ್ಲೋ ಒಳಗೆ ಉಳಿಯಿತು.

ಮುನ್ನೂರು ಬಟ್ಟೆ ಹೊಲಿದಳು. ಮನಸ್ಸಿನಲ್ಲಿ ಅಳುಕು ಇದ್ದದ್ದಕ್ಕೋ ಏನೋ, ನಾಲ್ಕೂ ಅಂಚಿಗೆ ಎರಡೆರಡು ಹೊಲಿಗೆ ಹಾಕಿದಳು. ಬೇಕಾದವರು ಕಟ್ಟಲಿ ಎಂದು ಸಿಸ್ಟರು ಕೊಡೆ ಕಂಕುಳಲ್ಲಿಟ್ಟು ವಾರ್ಡಿಗೆಲ್ಲ ಮನೆಗೊಂದರಂತೆ ಹಂಚಿದರು. ಪುಕ್ಕಟೆ ಬಟ್ಟೆ ಯಾರು ಬೇಡ ಅಂತಾರೆ? ಇಸ್ಕೊಂಡರು. ಬಿಸಿ ಪಾತ್ರೆ ಹಿಡಿಯಲಿಕ್ಕಾಯಿತು, ಸೈಕಲ್ ಒರೆಸಲಿಕ್ಕಾಯಿತು, ಕೂಸಿನ ತಲೆಯಡಿಗಾಯಿತು. ಬಾಗಿಲಿಗೆ ಮಾತ್ರ ಆಗಲಿಲ್ಲ.

ಗಡಿಯಾರದಣ್ಣ ಅದನ್ನು ಮೇಜಿಗೆ ಹಾಸಿಕೊಂಡಿದ್ದರು. ಬೀದಿಯ ತಗ್ಗಿನ ತುದಿಯಲ್ಲಿ, ಎರಡು ಮನೆಗಳ ಸಂದಿಯ ಹಿಂದೆ ಅವರ ಒಂಟಿ ಕೋಣೆ. ಬಲಭಾಗ ಬಿದ್ದುಹೋದ ಮೇಲೂ ಎಡಗೈಯಲ್ಲೇ ಗಡಿಯಾರ ರಿಪೇರಿ. ಹೊಸ ಅಂಗಿ ಕೊಡಲು ಹೋದ ಹೊಲಿಗೆಯಕ್ಕ ಮೇಜು ನೋಡಿ, "ಬಾಗಿಲಿಗೆ ಕಟ್ಟಣ್ಣ ಅದನ್ನ," ಎಂದಳು.

"ಬಿಡಮ್ಮಾ, ಕೆಂಪಿನ ಮೇಲೆ ಸಣ್ಣ ಸ್ಕ್ರೂ ಎದ್ದು ಕಾಣತ್ತೆ. ಎಷ್ಟು ವರ್ಷದಿಂದ ಇಂಥದ್ದೊಂದು ಬೇಕಿತ್ತು." ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜು ತೆಗೆದು ನಕ್ಕರು. "ನೀನು ಕಟ್ಟಿದೀಯಾ ನಿನ್ನ ಬಾಗಿಲಿಗೆ?"

ಅವಳೂ ಕಟ್ಟಿರಲಿಲ್ಲ.

ಆ ವರ್ಷದ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೇ ಬೆಳಿಗ್ಗೆ ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರಂತೆ. ಜನ ಟೀ ಕುಡಿಯುತ್ತಿದ್ದ ಹೊತ್ತಿಗೆ ನೀರು ಹೊಳೆಯ ಕಡೆಯಿಂದ ಬರಲಿಲ್ಲ, ಬಚ್ಚಲ ತೂತಿನಿಂದ ಮೇಲೆದ್ದು ಬಂತು. ಕಾಲಿದ್ದವರು ಮಾಳಿಗೆ ಹತ್ತಿದರು, ಕಾಲಿಲ್ಲದ ಕೆಲವರನ್ನು ಮನೆಯವರೇ ಹೊತ್ತು ಹತ್ತಿಸಿದರು. ಒಂಬತ್ತರ ಹೊತ್ತಿಗೆ ರಬ್ಬರ್ ದೋಣಿ ಬಂತು. ಕೆಂಪು ಕಂಡಲ್ಲಿ ನಿಲ್ಲಬೇಕು ಎಂದು ಅವರಿಗೆ ಹೇಳಿ ಕಳಿಸಿದ್ದರು. ಇಡೀ ವಾರ್ಡಿನಲ್ಲಿ ಏಳು ಬಾಗಿಲಲ್ಲಿ ಕೆಂಪಿತ್ತು. ಏಳು ಮನೆಯವರನ್ನು ಹತ್ತಿಸಿಕೊಂಡು, ಈ ಬೀದಿ ಖಾಲಿಯಾಗಿದೆ ಎಂದು ದೋಣಿ ತಿರುಗಿತು.

ಹೊಲಿಗೆಯಕ್ಕ ಮೇಲಿನ ಮನೆಯ ಹೊರಮೆಟ್ಟಿಲ ಮೇಲೆ ನಿಂತಿದ್ದಳು. ಮಿಷಿನ್ನು ಬಿಟ್ಟು ಬಂದಿದ್ದಳು, ಅಳತೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವುಚಿಕೊಂಡು. ಎದೆ ಮಟ್ಟದ ನೀರಿನಲ್ಲಿ, ಕೊಡೆಯನ್ನು ಕೋಲಿನ ಹಾಗೆ ಊರುತ್ತ ಸಿಸ್ಟರು ಬಂದರು. ಕಾಲಲ್ಲಿ ಶೂ ಇರಲಿಲ್ಲ.

"ಓದಿ ಅಕ್ಕ!"

"ಏನನ್ನ?"

"ಪುಸ್ತಕ! ದೋಣಿ ನಿಲ್ಸಿದೀನಿ. ಓದಿ!"

ಅವಳು ಓದಿದಳು. ಮೆಟ್ಟಿಲ ಮೇಲೆ ನಿಂತು, ಗಂಡನ ಗಂಟಲು ತನಗೇ ಬಂದ ಹಾಗೆ ಕೂಗಿ ಓದಿದಳು. "ಬಾಲದ ಸೊನ್ನೆ, ಹಿಟ್ಟಿನ ಗಿರಣಿಯವರ ಅತ್ತೆ, ಹಿಂದಿನ ಕೋಣೆ! ಅರ್ಧ ಕತ್ತರಿ, ಸೋಡಾ ಅಂಗಡಿ ಮಾವ!" ಸಿಸ್ಟರು ಅದನ್ನೇ ದೋಣಿಯವರಿಗೆ ಕೂಗಿದರು. ಒಳಕೋಣೆಗಳಿಂದ, ಅಟ್ಟಗಳಿಂದ, ಮಂಚದ ಮೇಲೆ ಮಂಚ ಏರಿಸಿ ಕೂರಿಸಿದ್ದವರನ್ನು ಎತ್ತಿ ತಂದರು. ಮೇಲಿನ ಬಾಲ್ಕನಿಯಾಕೆ ಇವತ್ತು ಹಗ್ಗ ಮೇಲಕ್ಕೆ ಸೇದಲಿಲ್ಲ, ಕೆಳಗೆ ಬಿಟ್ಟಳು. ಇಪ್ಪತ್ತಾರು ಜನ ಬಂದರು. ಆರ್ಡರೂ ಇಲ್ಲದೆ ಕೆಂಪೂ ಇಲ್ಲದೆ, ಹರಕು ಪುಸ್ತಕದ ಗೀಟು ನೋಡಿ ಇಪ್ಪತ್ತಾರು ಜನ.

ಆದರೆ ಹೊಲಿಗೆಯಕ್ಕ ಮೊದಲ ಪುಟದಿಂದ ಓದುತ್ತ ಬಂದಿದ್ದಳು. ಹೊಲಿಯುವವರ ಪುಸ್ತಕ ಹೊಲಿದ ದಿನದ ಪ್ರಕಾರ ಇರುತ್ತದೆ. ಹಳೆಯ ಗಿರಾಕಿ ಮೊದಲು, ನಿನ್ನೆಯವರು ಕೊನೆಗೆ. ಯಾರ ಮನೆ ಎತ್ತರದಲ್ಲಿದೆ, ಯಾರದು ತಗ್ಗಿನಲ್ಲಿದೆ ಎಂದು ಪುಸ್ತಕಕ್ಕೇನು ಗೊತ್ತು? ಗಡಿಯಾರದಣ್ಣನಿಗೆ ಹೊಸ ಅಂಗಿ ಕೊಟ್ಟು ಹತ್ತು ದಿನವೂ ಆಗಿರಲಿಲ್ಲ, ಅವರ ಹಳೆಯ ಅಳತೆ ಹೊಡೆದುಹಾಕಿ ಹೊಸದನ್ನು ಕೊನೆಗೆ ಬರೆದಿದ್ದಳು. ಕೊನೆಯ ಪುಟ ತಿರುವಿ, ಗೀಟು ಹೊಡೆದ ಗುಂಡಿ ಕಂಡಾಗ ಅವಳು ಬೀದಿಯ ತಗ್ಗಿನ ತುದಿಯ ಕಡೆ ತಿರುಗಿದಳು. ಸಿಸ್ಟರಿಗೆ ಅವಳ ಮುಖ ನೋಡಿಯೇ ತಿಳಿಯಿತು. ಕೂಗುವ ತನಕ ಕಾಯಲಿಲ್ಲ, ಸಂದಿಯ ಕಡೆಗೆ ನೀರು ಸೀಳಿಕೊಂಡು ಹೋದರು.

ಅಲ್ಲಿ ಹೆಂಚಿನ ಅಂಚು ಮಾತ್ರ ಕಾಣುತ್ತಿತ್ತು.

ಎರಡು ದಿನಕ್ಕೆ ನೀರಿಳಿದ ಮೇಲೆ ಗಡಿಯಾರದಣ್ಣನ ಬಾಗಿಲು ಒಡೆದರು. ಹೊಲಿಗೆಯಕ್ಕ ಹೊರಗೇ ನಿಂತಿದ್ದಳು. ಅವರ ಮುಖಕ್ಕೆ ಹೊದಿಸಲು ಏನಾದರೂ ಇದೆಯಾ ಎಂದು ಒಳಗೆ ಹೋದವರು ಕೇಳಿಕೊಂಡರು, ಮೇಜಿನ ಕೆಳಗೆ ಕೆಸರಲ್ಲಿ ಸಿಕ್ಕಿದ್ದನ್ನು ಹೊದಿಸಿದರು. ಹೊರಗೆ ತಂದಾಗ ನೋಡಿದಳು. ಕೆಂಪು ಬಟ್ಟೆ. ನಾಲ್ಕೂ ಅಂಚಿಗೆ ಎರಡೆರಡು ಹೊಲಿಗೆ. ಒಂದು ಎಳೆಯೂ ಬಿಟ್ಟಿರಲಿಲ್ಲ.

ಈ ಸಲ ಎತ್ತಲು ಬೀದಿಯೆಲ್ಲ ಬಂತು. ಹೊಲಿಗೆಯಕ್ಕನಿಗೆ ಮುಂದೆ ಹೋಗಲಾಗಲಿಲ್ಲ.

ಸಿಸ್ಟರ ಹಿಮ್ಮಡಿ ಅವತ್ತು ಗಾಜಿಗೋ ತಗಡಿಗೋ ಸಿಕ್ಕಿ ಕುಯ್ದುಹೋಗಿತ್ತು. ಪಟ್ಟಿ ಸುತ್ತಿಕೊಂಡು ಮತ್ತೂ ಒಂದು ವಾರ ಕೆಸರಿನಲ್ಲೇ ಓಡಾಡಿದರು, ಮನೆಮನೆಗೆ ಜ್ವರ ತಡೆಯುವ ಮಾತ್ರೆ ಹಂಚಿದರು. ಜನ ಈಗ ಬಾಗಿಲು ತೆಗೆದರು. ಆಮೇಲೆ ಅವರಿಗೇ ಜ್ವರ ಹಿಡಿಯಿತು. ಇಲಿ ಜ್ವರ ಎಂದರು. "ಎಲ್ಲರಿಗೂ ಕೊಟ್ಟಿರಲ್ಲ, ನೀವು ಆ ಮಾತ್ರೆ ತಗೊಂಡ್ರಾ?" ಎಂದು ಡಾಕ್ಟರು ಕೇಳಿದ್ದಕ್ಕೆ, "ಎಣಿಸಿ ಕೊಟ್ಟಿದ್ರು ಸಾರ್, ನನ್ನ ಲೆಕ್ಕ ಅದರಲ್ಲಿರಲಿಲ್ಲ," ಎಂದರಂತೆ. ಆರೋಗ್ಯ ಕೇಂದ್ರದ ಮೂಲೆಯ ಮಂಚ. ಅತ್ತಿಗೆ ಬಂದು ಕಾಲ ಬಳಿ ಕೂತು ಅತ್ತು ಹೋದರು. ಹೊಲಿಗೆಯಕ್ಕ ದಿನವೂ ಹೋದಳು. ಹೋಗುವಾಗ ಮನೆಯಿಂದ ಒಂದು ಕುರ್ಚಿ ಹೊತ್ತುಕೊಂಡು ಹೋಗಿ ಅಲ್ಲಿಟ್ಟಳು.

"ನಂಗೆ ಕುರ್ಚಿ ತಂದ್ರಾ?" ಸಿಸ್ಟರ ಕಣ್ಣಿನ ಬಿಳಿ ಹಳದಿಯಾಗಿತ್ತು. "ಎದ್ದು ಕೂರಕ್ಕೆ ಆಗದಿರೋವಾಗ!"

"ಸುಮ್ನಿರಿ. ನನಗೇ ತಂದಿದ್ದು."

ಆರನೇ ದಿನ ಹೊಲಿಗೆಯಕ್ಕ ಕೊನೆಗೂ ಬಾಯಿ ಬಿಟ್ಟಳು. "ಅವತ್ತು ಆ ಮೇಜಿನ ಮುಂದೆ ನಾನು ಬೇಕೂಂತಲೇ ಸುಮ್ನಿದ್ದೆ. ನಾಚಿಕೆ ಒಂದೇ ಅಲ್ಲ. ನಿಮ್ಮ ಮೇಲಿನ ಸಿಟ್ಟಿಗೆ."

"ಗೊತ್ತು," ಎಂದರು ಸಿಸ್ಟರು. "ನಿಮ್ಮ ಮುಖ ನೋಡಿದ್ನಲ್ಲ."

"ಅವತ್ತೇ ಪುಸ್ತಕ ಬಿಚ್ಚಿದ್ರೆ ಬೀದಿ ಪ್ರಕಾರ ಬರ್ಕೋತಿದ್ರು. ತಗ್ಗಿನ ಮನೆ ಮೊದಲು ಬರ್ತಿತ್ತು."

ಸಿಸ್ಟರು ಇಲ್ಲ ಎನ್ನಲಿಲ್ಲ. ಸಮಾಧಾನ ಹೇಳಲೂ ಇಲ್ಲ. ಅವರದು ಮೊದಲಿಂದ ಅದೇ ಸ್ವಭಾವ. ಹೊರಗೆ ಯಾರೋ ಬಕೆಟ್ಟಿನಲ್ಲಿ ಕೆಸರು ತೋಡಿ ತೋಡಿ ಸುರಿಯುತ್ತಿದ್ದ ಸದ್ದು.

"ಮುಂದಿನ ತಿಂಗಳು ಮತ್ತೆ ಕರೀತಾರೆ," ಎಂದರು ಆಮೇಲೆ. "ಅದೇ ಮೇಜು, ಅದೇ ಕುರ್ಚಿ. ಬಟ್ಟೆ ಬಣ್ಣ ಯಾವುದಿರಬೇಕು ಅಂತ ಕೇಳ್ತಾರೆ ಈ ಸಲ. ಬಣ್ಣದ ಮಾತು ಬಿಡಿ. ಪುಸ್ತಕ ಬೇರೆ ಬರೀರಿ, ತಗ್ಗಿನ ಮನೆಯಿಂದ ಮೇಲಕ್ಕೆ. ಅಲ್ಲಿ ಎದ್ದು ನಿಂತು ಓದಿ. ಕೂತು ಹೇಳಿದ್ರೆ ಗುಮಾಸ್ತ ಬರ್ಕೊಳ್ಳಲ್ಲ."

"ಓದ್ತೀನಿ."

"ಮೊದಲ ಸಾಲಲ್ಲಿ ಗಡಿಯಾರದವರನ್ನ ಇಡಿ. 'ಅವರು ತೀರ್ಕೊಂಡ್ರಲ್ಲಮ್ಮ, ಅವರನ್ನ್ಯಾಕೆ ಓದ್ತೀರಿ' ಅಂತ ಕೇಳ್ತಾರೆ." ಉಸಿರು ಕೂಡಿಸಿಕೊಂಡು ಹೊಲಿಗೆಯಕ್ಕನ ಮಣಿಕಟ್ಟು ಹಿಡಿದರು. "ಅವರು ಕೇಳಲಿ. ನೀವು ಹೂಂ, ತೀರ್ಕೊಂಡ್ರು ಅನ್ನಿ. ಅಂದು ಇನ್ನೊಂದು ಸಲ ಅದೇ ಸಾಲು ಓದಿ, ಆಮೇಲೆ ಮುಂದಿನ ಮನೆಗೆ ಹೋಗಿ."